ಹೊಳಪು ಬೇಡವೆಂದ ಕಾಕು

ಕಾಕು ಅವರ ಬಲಗೈ ಹೆಬ್ಬೆರಳಿನ ಉಗುರು ಕಂದುಬಣ್ಣಕ್ಕೆ ತಿರುಗಿ, ಎಮ್ಮೆಯ ಕೊಂಬಿನ ಚೂರಿನಂತೆ ದಪ್ಪಗಾಗಿತ್ತು. ಮೂವತ್ತು ವರ್ಷ ಅಗಸೆ ಎಣ್ಣೆ, ಅರಗು, ಟರ್ಪೆಂಟೈನ್ ಮುಟ್ಟಿದ ಕೈ ಅದು. ಗಿರಾಕಿ ಯಾವ ಕಟ್ಟಿಗೆಯ ತುಂಡು ತಂದರೂ ಮೊದಲು ಆ ಉಗುರನ್ನು ಅದರ ಮೇಲೆ ಒತ್ತಿ ಎಳೆಯುವರು. ಆಮೇಲೆ ಮಾತು. ಮಾತೆಂದರೆ ಬಹುಪಾಲು ಬೈಗುಳ.

ಕಟ್ಟಿಗೆಗೆ ಹಚ್ಚುವ ಎಣ್ಣೆ, ಪಾಲಿಶ್ ಮಾರುವ ಅವರ ಅಂಗಡಿ ಇದ್ದದ್ದು ದುರ್ಗದಬೈಲಿನ ಒಂದು ಓಣಿಯಲ್ಲಿ, ಬಾಗಿಲಿನಷ್ಟೇ ಅಗಲ. ಗಂಡ ತೀರಿಕೊಂಡ ಮೇಲೆ ಮೈದುನರು ಮಾರಿಬಿಡು ಎಂದರಂತೆ. ಕಾಕು ಮರುದಿನವೇ ಹೋಗಿ ಗಲ್ಲಾಪೆಟ್ಟಿಗೆಯ ಮುಂದೆ ಕೂತರಂತೆ. ಪಾಲಿಶ್ ಕೆಲಸದವರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು, ನಾನೂ ಅಂದೆ. ಡಬ್ಬಿ ತೋರಿಸಿ ‘ಅದು ಕೊಡ್ರಿ’ ಎಂದವರಿಗೆ ಅವರು ಏನನ್ನೂ ಕೊಡುತ್ತಿರಲಿಲ್ಲ. “ಯಾವ ಕಟ್ಟಿಗಿ, ಎಷ್ಟು ಬಿಸಲು, ಎಷ್ಟು ಮಳಿ, ಮೊದಲ ಅದನ್ನ ಹೇಳು. ಬೆರಳು ಮಾಡಿದ್ದು ಕೊಡಾಕ ನಾ ಏನ್ ಬಿಸ್ಕೀಟ ಮಾರಾಕತ್ತೇನೇನು?”

ನಾನು ಅಲ್ಲಿಗೆ ಹೋದದ್ದು ಕೆಲಗೇರಿಯ ನಮ್ಮ ಮನೆಯ ಹಿಂದೆ ಕಟ್ಟಿಗೆಯ ಡೆಕ್ ಹಾಕಿಸುವಾಗ. ಸ್ಕೂಟರ್ ಅಪಘಾತದಲ್ಲಿ ನನ್ನ ಗಂಡನ ಸೊಂಟದ ಕೆಳಗಿನ ಶಕ್ತಿ ಹೋಗಿತ್ತು. ಕಾಲೇಜಿನ ಪ್ರಯೋಗಾಲಯದಲ್ಲಿ ಕೆಟ್ಟ ಉಪಕರಣಗಳನ್ನೆಲ್ಲ ಬಿಚ್ಚಿ ಜೋಡಿಸುತ್ತಿದ್ದ ಮನುಷ್ಯ, ಗಾಲಿಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದರು. ಮನೆಯ ನೆಲಕ್ಕೆ ಸಮವಾಗಿ ಹಿತ್ತಲಿನವರೆಗೂ ಮತ್ತಿ ಮರದ ಹಲಗೆ ಹಾಸಿದರೆ ತಾವೇ ಗಾಲಿ ತಿರುಗಿಸಿಕೊಂಡು ಹೊರಬಂದು ಕೆರೆ ನೋಡಬಹುದು ಎಂಬುದು ನನ್ನ ಆಸೆ.

ಹಲಗೆಗೆ ಏನು ಬಳಿಯಬೇಕು ಎಂಬ ಪ್ರಶ್ನೆ ಬಂತು. ಗುತ್ತಿಗೆದಾರ ಹೊಳೆಯುವ ಲೇಪ ಬಳಿದ ಒಂದು ತುಂಡು ತಂದು ತೋರಿಸಿದ. “ಐದು ವರ್ಷ ಕೈ ಹಚ್ಚೂದು ಬ್ಯಾಡ್ರಿ ಮೇಡಂ. ಕನ್ನಡಿ ಹಂಗ ಹೊಳೀತದ.” ಯಾರೋ ಹೇಳಿದರೆಂದು ಆ ತುಂಡನ್ನು ಕಾಕು ಹತ್ತಿರ ಒಯ್ದೆ. ಅವರು ಉಗುರು ಎಳೆದರು.

“ಮನ್ಯಾಗಿನ ಟೇಬಲ್ಲಿಗೆ ಛಲೋ ಐತಿ. ಹೊರಗಿನ ನೆಲಕ್ಕ ಬ್ಯಾಡ. ಕಟ್ಟಿಗಿ ಮಳಿಗೆ ಹಿಗ್ಗತೈತಿ, ಬಿಸಲಿಗೆ ಕುಗ್ಗತೈತಿ. ಈ ಪದರು ಅದರ ಜೋಡಿ ಹಿಗ್ಗೂದಿಲ್ಲ, ಸೀಳತೈತಿ. ಸೀಳಿನಾಗ ಹೊಕ್ಕ ನೀರು ಹೊರಗ ಬರೂದಿಲ್ಲ. ಮ್ಯಾಲ ಹೊಳಪು ಹಂಗ ಇರತೈತಿ, ಕೆಳಗ ಕೊಳೀತೈತಿ.”

“ಮತ್ತೇನು ಹಚ್ಚಬೇಕ್ರಿ?”

“ಕುದಿಸಿದ ಅಗಸಿ ಎಣ್ಣಿ. ಅದರಾಗ ಸ್ವಲ್ಪ ಟರ್ಪೆಂಟೈನ್, ಬಿಸಲು ತಡ್ಯಾಕ ಚೂರು ಕಂದು ಬಣ್ಣ. ತೆಳ್ಳಗ ಮೂರು ಸಲ. ವರ್ಷಾ ವರ್ಷಾ ಮಳಿಗಾಲಕ್ಕ ಮೊದಲ ಮತ್ತೊಮ್ಮೆ.”

‘ವರ್ಷಾ ವರ್ಷಾ’ ಎಂಬ ಮಾತು ಕೇಳಿಯೇ ನನ್ನ ಮೈ ಉರಿಯಿತು. ಬೆಳಿಗ್ಗೆ ಎದ್ದಾಗಿನಿಂದ ಎತ್ತುವುದು, ತೊಳೆಯುವುದು, ತಿರುಗಿಸಿ ಮಲಗಿಸುವುದು. ಆಮೇಲೆ ಪಾಠ ಮಾಡಲು ಶಾಲೆಗೆ ಓಡುವುದು. ಇದರ ಮೇಲೆ ನೆಲಕ್ಕೂ ಆರೈಕೆಯೇ? “ವರ್ಷಾ ವರ್ಷಾ ಯಾರು ಮಾಡಬೇಕ್ರಿ? ನಿಮ್ಮ ಎಣ್ಣಿ ಮಾರಾಟಾಗಲಿ ಅಂತ ಹೇಳ್ತೀರೇನು?” ಎಂದುಬಿಟ್ಟೆ. ಅಂಗಡಿಯ ಮುಂದೆ ನಾಲ್ಕು ಜನ ಇದ್ದರು. ಕಾಕು ತುಂಡನ್ನು ನನ್ನ ಕೈಗೆ ತುರುಕಿ, “ಹೋಗು” ಎಂದರು. ಅಷ್ಟೇ.

ಹೊಳಪಿನ ಲೇಪವೇ ಬಂತು. ಎರಡನೆಯ ಮಳೆಗಾಲದಲ್ಲಿ, ಒಂದು ಮುಂಜಾನೆ, ಗಾಲಿಕುರ್ಚಿಯ ಮುಂದಿನ ಸಣ್ಣ ಗಾಲಿ ಹಲಗೆಯೊಳಗೆ ಕುಸಿಯಿತು. ನನ್ನ ಗಂಡ ಮುಖ ಅಡಿಯಾಗಿ ಬಿದ್ದರು. ಹಣೆಗೆ ನಾಲ್ಕು ಹೊಲಿಗೆ. ಮುರಿದ ಹಲಗೆ ಮೇಲಿನಿಂದ ನೋಡಿದರೆ ಇನ್ನೂ ಹೊಳೆಯುತ್ತಿತ್ತು, ಒಳಗೆ ಕರ್ರಗೆ ಕೊಳೆತಿತ್ತು. ಗುತ್ತಿಗೆದಾರನಿಗೆ ಫೋನ್ ಮಾಡಿದೆ. “ಗಾಲಿಕುರ್ಚಿ ಓಡಾಡಿಸಿದ್ರ ಯಾವ ಲೇಪ ಉಳೀತದ್ರಿ? ನೀವು ಬಳಸಿದ್ದ ತಪ್ಪು,” ಎಂದ. ಫೋನಿಟ್ಟ ಮೇಲೆ ಅಡುಗೆಮನೆಯಲ್ಲಿ ಒಂದು ಸ್ಟೀಲ್ ಡಬ್ಬಿಯನ್ನು ನೆಲಕ್ಕೆ ಅಪ್ಪಳಿಸಿದೆ.

ಮುರಿದ ತುಂಡನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಕಾಕು ಹತ್ತಿರ ಹೋದೆ. ‘ನಾ ಹೇಳಿದ್ದಿಲ್ಲೇನು’ ಅನ್ನುತ್ತಾರೆ, ಅನ್ನಿಸಿಕೊಳ್ಳೋಣ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ಅವರು ಅನ್ನಲಿಲ್ಲ. ಉಗುರು ಒತ್ತಿದರು; ನೆನೆದ ಬ್ರೆಡ್ಡಿನೊಳಗೆ ಹೋದಂತೆ ಒಳಗೆ ಹೋಯಿತು.

“ಯಾರಿಗೆ ಪೆಟ್ಟಾತು?”

ಹೇಳಿದೆ.

“ಏನಂದ ಆ ಗುತ್ತಿಗಿದಾರ?”

ಅದನ್ನೂ ಹೇಳಿದೆ. ಕಾಕು ಎದ್ದು ಶಟರ್ ಎಳೆದರು. “ನಡಿ.”

ಲಕಮನಹಳ್ಳಿಯಲ್ಲಿ ಅವನ ಕಚೇರಿ. ಇಬ್ಬರು ಗಿರಾಕಿಗಳ ಮುಂದೆ ಯಾವುದೋ ಮನೆಯ ನಕ್ಷೆ ಬಿಡಿಸಿಕೊಂಡು ಕೂತಿದ್ದ. ಕಾಕು ಆ ನಕ್ಷೆಯ ಮೇಲೆಯೇ ಹಲಗೆ ಇಟ್ಟರು. ಒದ್ದೆಯ ಕರಿ ಪುಡಿ ಮೇಜಿನ ತುಂಬ ಉದುರಿತು.

“ಶಾಂತ ಆಗ್ರಿ ಅಮ್ಮಾ, ಕುಂಡ್ರಿ,” ಎಂದ ಅವನು.

“ಶಾಂತ ಯಾಕ ಆಗಲಿ? ಗಾಲಿಕುರ್ಚಿ ಸಲುವಾಗಿನ ಮಾಡಿದ ನೆಲ. ಅದರ ಮ್ಯಾಲ ಗಾಲಿಕುರ್ಚಿ ಓಡಾಡಿದ್ದ ತಪ್ಪು ಅಂತೀಯಲ್ಲ? ಮತ್ತ ಯಾರ ಸಲುವಾಗಿ ಮಾಡಿದಿ? ಫೋಟೋದ ಸಲುವಾಗೇನು?”

ಗಿರಾಕಿಗಳು ಎದ್ದು ನಿಂತರು. ಅವನ ಕಣ್ಣು ಅವರ ಮೇಲಿತ್ತು, ನಮ್ಮ ಮೇಲಲ್ಲ. ಹಲಗೆ ಬದಲಿಸಿ, ಲೇಪ ಪೂರ್ತಿ ಕೆರೆಸಿಕೊಡುತ್ತೇನೆ ಎಂದು ಅವರ ಎದುರಿಗೇ ಒಪ್ಪಿಕೊಂಡ. ನಾನು ಕಾಕು ಹಿಂದೆ ನಿಂತಿದ್ದೆ. ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಬೇರೆ ಯಾರೋ ಇಷ್ಟು ಸಲೀಸಾಗಿ ಆಡಿಬಿಟ್ಟರಲ್ಲ ಎಂದು ಅವರ ಮೇಲೂ ಸಿಟ್ಟು ಬಂತು.

ನಿಜವಾದ ಸಿಟ್ಟು ಬಂದದ್ದು ಅದಾದ ಮೇಲೆ. ಮಳೆ ಕಳೆದು ಹಲಗೆ ಒಣಗಿದಾಗ ಕಾಕು ಎಣ್ಣೆಯ ಡಬ್ಬಿ, ಹಳೆಯ ಧೋತರದ ಚಿಂದಿ ಹಿಡಿದು ನಮ್ಮ ಮನೆಗೆ ಬಂದರು. ನನ್ನತ್ತ ನೋಡಲೂ ಇಲ್ಲ. ನೇರ ನನ್ನ ಗಂಡನ ಮುಂದೆ ಹೋಗಿ, “ಕೈ ಛಲೋ ಅದಾವಿಲ್ಲೋ?” ಎಂದು ಕೇಳಿದರು. ಅವರು ತಲೆಯಾಡಿಸಿದರು. “ಹಂಗಾರ ಕೆಳಗ ಇಳೀರಿ.”

“ಕಾಕು, ಅವರ ಕಡೆಯಿಂದ ದುಡಿಸ್ತೀರೇನು? ನಿಮಗ ಕರುಳು ಐತೇನು?” ನಾನು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

ಅವರು ದನಿ ಏರಿಸಲಿಲ್ಲ. “ಅವರ ಕಾಲು ಅಪಘಾತದಾಗ ಹೋದವು, ತಂಗಿ. ಕೈ ನೀ ಕಸಗೊಂಡಿ.”

ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಅವರನ್ನು ಹೊರಗೆ ಹಾಕಲು ಬಾಗಿಲ ಕಡೆ ಕೈ ತೋರಿಸಿದೆ ಕೂಡ. ಆಗ ನನ್ನ ಗಂಡ ಮಾತಾಡಿದರು. ನನಗೆ. “ಇಳಸು.”

ದಿಂಬು ಹಾಕಿ ಇಳಿಸಿದೆ. ಮೂರು ದಿನ ಅವರು ಹಲಗೆಯ ಮೇಲೆ ಕೈಯೂರಿ ಸರಿಯುತ್ತ ಎಣ್ಣೆ ಉಜ್ಜಿದರು. ಹಚ್ಚಿದ ಎಣ್ಣೆ ಹಲಗೆ ಕುಡಿಯುವಷ್ಟು ಹೊತ್ತು ಬಿಡಬೇಕು. ಉಳಿದದ್ದನ್ನು ಒರೆಸದಿದ್ದರೆ ಅಂಟಾಗಿ ಉಳಿಯುತ್ತದೆ. ಚಿಂದಿಯನ್ನು ಮುದ್ದೆ ಮಾಡಿ ಎಸೆದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ, ಹಗ್ಗದ ಮೇಲೆ ಹರವಬೇಕು. ಕಾಕು ಇದನ್ನು ಹೇಳಿದಾಗ ನನ್ನ ಗಂಡ, ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಹೇಗೆ ಕಾಯುತ್ತದೆ ಎಂದು ಅವರಿಗೇ ಪಾಠ ಶುರುಮಾಡಿದರು. ಕಾಕು ಒಪ್ಪಲಿಲ್ಲ. ಇಬ್ಬರೂ ಜೋರಾಗಿ ಜಗಳಾಡಿದರು. ನಮ್ಮ ಮನೆಯಲ್ಲಿ ಎಷ್ಟೋ ದಿನದ ಮೇಲೆ ಗಂಡನ ಏರುದನಿ ಕೇಳಿದೆ. ಆದರೂ ಕಾಕು ಮುಂದೆ ಚಹಾದ ಲೋಟ ಇಟ್ಟು ಒಳಗೆ ಹೋದೆ.

ಅಂದಿನಿಂದ ಪ್ರತಿ ಬೇಸಿಗೆ ಎಣ್ಣೆ ತರುವುದು ನನ್ನ ಕೆಲಸ, ಹಚ್ಚುವುದು ಗಂಡನದು. ನಾನು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದೆ. ಅಂಗಡಿಯಲ್ಲಿ ಕಾಕು “ಹೆಂಗದಾರ ಅವರು?” ಎನ್ನುವರು, ನಾನು “ಅದಾರ” ಎನ್ನುವೆ. ನೀವು ಹೇಳಿದ್ದು ಖರೆ ಎಂದು ಒಮ್ಮೆಯೂ ಹೇಳಲಿಲ್ಲ.

ಈ ವರ್ಷ ಹೋದಾಗ ಶಟರ್ ಇಳಿದಿತ್ತು. ಪಕ್ಕದ ಹಗ್ಗದ ಅಂಗಡಿಯವರು ಹೇಳಿದರು: “ಕಾಕು ಹೋಗಿ ಹದಿನೈದು ದಿನ ಆತ್ರಿ. ಎದಿ ನೋವು ಅಂದ್ರು, ಅಷ್ಟ.”

ಮುಂದಿನ ಓಣಿಯ ಅಂಗಡಿಯಲ್ಲಿ ಎಣ್ಣೆ ಕೇಳಿದೆ. ಮಾಲೀಕ ಹೊಳಪಿನ ಡಬ್ಬಿ ಮುಂದಿಟ್ಟು, “ಇದನ್ನ ಒಯ್ಯಿರಿ, ವರ್ಷಾ ವರ್ಷಾ ಹಚ್ಚೂ ತ್ರಾಸಿಲ್ಲ,” ಎಂದ. “ಯಾವ ಕಟ್ಟಿಗಿ ಅಂತ ಕೇಳಿದಿರೇನು? ಒಳಗೋ ಹೊರಗೋ ಕೇಳಿದಿರೇನು?” ಎಂದು ಚೀರಿದೆ. ಬಜಾರಿನ ಮಂದಿ ತಿರುಗಿ ನೋಡಿದರು. “ನಾ ಏನ್ ಮಾಡೇನ್ರಿ ಅಕ್ಕಾರ?” ಎಂದು ಆತ ಗಾಬರಿಯಾದ. ಅವನೇನೂ ಮಾಡಿರಲಿಲ್ಲ. ನನ್ನ ಸಿಟ್ಟೆಲ್ಲ ನನ್ನ ಮೇಲೇ ಇತ್ತು. ನೀವು ಹೇಳಿದ್ದು ಖರೆ ಎಂದು ಯಾರಿಗೆ ಹೇಳಬೇಕಿತ್ತೋ ಅವರು ಹೋಗಿಬಿಟ್ಟಿದ್ದರು.

ಅಗಸೆ ಎಣ್ಣೆಯ ಡಬ್ಬಿಯನ್ನೇ ಕೊಂಡು ಮನೆಗೆ ಬಂದು ಗಂಡನಿಗೆ ತಿಳಿಸಿದೆ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ತೆಗೆದು ಮೂಸಿದರು. ಆಮೇಲೆ, “ಇನ್ನ ನಾಕು ದಿನ ಮಳಿ ಇಲ್ಲ. ಸುರು ಮಾಡೂಣು,” ಎಂದರು.

ಅವರನ್ನು ಇಳಿಸಿದೆ. ಹೊಸ್ತಿಲಿಗೆ ಹೋಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಎದುರಿನ ತುದಿಯಲ್ಲಿ ಕೂತೆ. ಅವರು ಒಮ್ಮೆ ನೋಡಿ, ಕೈಯಲ್ಲಿದ್ದ ಚಿಂದಿಯನ್ನು ಎರಡಾಗಿ ಹರಿದು ಅರ್ಧ ನನ್ನತ್ತ ಎಸೆದರು. ಒರೆಸತೊಡಗಿದೆ.

“ಅಡ್ಡ ಅಲ್ಲ, ಕಟ್ಟಿಗಿ ಎಳಿ ಗುಂಟ ಉದ್ದಕ್ಕ ಒರಸು. ಕಣ್ಣು ಕಾಣೂದಿಲ್ಲೇನು?” ಎಂದು ಬೈದರು.

ತಿರುಗಿ ಮೊದಲಿನಿಂದ ಒರೆಸಿದೆ.