ಉದ್ಘಾಟನೆ ನಿಂತ ಬೆಳಿಗ್ಗೆ

ಮೊನ್ನೆ ಇಂದಿರಾನಗರದ ನಮ್ಮ ಹೊಸ ಆಫೀಸಿನ ಬೋರ್ಡಿನ ಮೇಲೆ ಬರೆಯಲೆಂದು ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಸರ್ವಜ್ಞನಗರದ ಹಳೇ ಮನೆಯೊಂದರ ಹಾಲ್ ಕಣ್ಣ ಮುಂದೆ ಬಂತು. ಅಲ್ಲಿ ಕೈಯಲ್ಲಿ ಮಾರ್ಕರ್ ಹಿಡಿದು, ಸೀರೆಯ ಸೆರಗಿಗೆಲ್ಲ ನೀಲಿ ಬಳಿದುಕೊಂಡು ನಿಂತಿರುತ್ತಿದ್ದ ನನ್ನ ಮೊದಲ ಬಾಸ್ ಕೂಡ…

ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಪುಟ್ಟ ಕಂಪನಿ ಅವರದು. ದಾವಣಗೆರೆಯಿಂದ ಬಂದ ನನಗೆ ಅದು ಆಫೀಸ್ ಅಂತಲೇ ಅನಿಸುತ್ತಿರಲಿಲ್ಲ. ಊಟದ ಮೇಜಿನ ಸುತ್ತ ಕಂಪ್ಯೂಟರುಗಳು, ಅಡುಗೆಮನೆಯಲ್ಲಿ ಮೀಟಿಂಗು. ಬೆಳಿಗ್ಗೆ ಯಾವಾಗ ಹೋಗಿ ಸೇರುತ್ತೇನೋ ಎಂದು ಬಸ್ಸಿನಲ್ಲೇ ಚಡಪಡಿಸುತ್ತಿದ್ದೆ. ಅಂಥ ದಿನಗಳು ಅವು!

ನಮಗೆ ಸಿಕ್ಕ ಮೊದಲ ದೊಡ್ಡ ಕೆಲಸ ಶಿವಾಜಿನಗರದ ಕಡೆಯ ಒಂದು ಆಸ್ಪತ್ರೆಯದು. ರಕ್ತಪರೀಕ್ಷೆಯ ವರದಿ ನೇರವಾಗಿ ಡಾಕ್ಟರ ಕಂಪ್ಯೂಟರಿಗೆ ಹೋಗಬೇಕು. ಆ ಕೆಲಸದ ಟೀಮನ್ನು ಅವರು ನನ್ನ ಕೈಗೆ ಕೊಟ್ಟಿದ್ದರು. ಈ ಹೊಸ ವ್ಯವಸ್ಥೆಯ ಉದ್ಘಾಟನೆಯ ಬೆಳಿಗ್ಗೆ ಶಾಮಿಯಾನ ಎದ್ದಿತ್ತು, ಅತಿಥಿಗಳು ಬಂದು ಕೂತಿದ್ದರು. ಒಳಗೆ ನಾವು ಕೊನೆಯದಾಗಿ ಒಮ್ಮೆ ಪರೀಕ್ಷಿಸಿ ನೋಡಿದರೆ, ಒಬ್ಬರ ವರದಿ ಇನ್ನೊಬ್ಬರ ಹೆಸರಿನಲ್ಲಿ ಬಂತು! ಮತ್ತೆ ನೋಡಿದರೆ ಎಲ್ಲ ಸರಿ.

"ಬಿಡಮ್ಮಾ, ಯಾವಾಗ್ಲೋ ಒಂದ್ಸಲ ಆಗೋದು. ಫಂಕ್ಷನ್ ಮುಗೀಲಿ, ಆಮೇಲೆ ಸರಿ ಮಾಡೋಣ" ಎಂದ ಟೀಮಿನ ಗೆಳೆಯ.

ನಾನು ಹೊರಗೋಡಿ ಮೇಡಂಗೆ ವಿಷಯ ಹೇಳಿದೆ. ಅವರು ಅತಿಥಿಗಳ ಸಾಲಿನಿಂದ ಎದ್ದು ಪಕ್ಕಕ್ಕೆ ಬಂದರು.

"ನಿಂಗೇನನ್ಸುತ್ತಮ್ಮಾ?"

"ನಿಲ್ಲಿಸ್ಬೇಕು ಮೇಡಂ. ಯಾಕಾಯ್ತು ಅಂತ ಗೊತ್ತಾಗೋವರೆಗೂ."

"ನಿಲ್ಸಿದ್ರೆ ಈ ಕೆಲಸಾನೇ ಕೈ ತಪ್ಪಬಹುದು. ಗೊತ್ತಲ್ವಾ?"

"ಗೊತ್ತು."

"ಸರಿ, ಹೋಗಿ ನಿಲ್ಸು. ಇಲ್ಲಿ ಮಾತಾಡೋದು ನಂಗೆ ಬಿಡು."

ಒಳಗೋಡಿ ಎಲ್ಲ ನಿಲ್ಲಿಸಿದೆ. ಕೆಲಸಕ್ಕೆ ಸೇರಿ ಇನ್ನೂ ಹೆಚ್ಚು ಕಾಲವಾಗಿರದ ನನ್ನ ಮಾತಿಗೆ ಅವರು ಇಡೀ ಕಂಪನಿಯನ್ನೇ ಪಣಕ್ಕಿಟ್ಟಿದ್ದರು. ಅವರು ಮೈಕ್ ಹಿಡಿದದ್ದು ಕಿಟಕಿಯಿಂದ ಕಾಣುತ್ತಿತ್ತು. ಮೊದಲು ಕನ್ನಡದಲ್ಲಿ, ಆಮೇಲೆ ಬೆಂಚಿನ ಮೇಲಿದ್ದ ರೋಗಿಗಳಿಗಾಗಿ ತಮಿಳು, ಉರ್ದುವಿನಲ್ಲಿ ಹೇಳಿದರು: "ಇವತ್ತು ಶುರು ಮಾಡಲ್ಲ. ಒಂದು ತಪ್ಪು ಸಿಕ್ಕಿದೆ. ನಿಲ್ಲಿಸೋಣ ಅಂದಿದ್ದು ನಮ್ಮ ಹುಡುಗಿ. ಅವಳು ಹೇಳಿದ್ದು ಸರಿ."

ಆಸ್ಪತ್ರೆಯ ಮುಖ್ಯಸ್ಥರು ಕೆಂಡವಾದರು. "ನಿನ್ನೆ ಹೇಳೋಕೇನ್ರೀ ಆಗಿತ್ತು?"

"ನಿನ್ನೆ ಗೊತ್ತಿರ್ಲಿಲ್ಲ ಸರ್. ಇವತ್ತು ಗೊತ್ತಾಯ್ತು" ಎಂದು ಮೇಡಂ ಕೈ ಮುಗಿದರು.

ಕಾರಣ ಮರುದಿನವೇ ಸಿಕ್ಕಿತು. ಎರಡು ಕೌಂಟರುಗಳಲ್ಲಿ ಒಂದೇ ಕ್ಷಣಕ್ಕೆ ಹೆಸರು ಬರೆಸಿದರೆ ವರದಿಗಳು ಅದಲುಬದಲಾಗುತ್ತಿದ್ದವು. ಸರಿಪಡಿಸಿದೆವು. ಆದರೂ ಆಸ್ಪತ್ರೆಯವರು ಬಹಳ ದಿನ ಫೋನನ್ನೇ ಎತ್ತಲಿಲ್ಲ. ಕೊನೆಗೊಂದು ದಿನ ಆ ಮುಖ್ಯಸ್ಥರೇ ಕರೆದರು. ಶಾಮಿಯಾನವಿಲ್ಲದೆ, ಭಾಷಣವಿಲ್ಲದೆ ಕೆಲಸ ಶುರುವಾಯಿತು. ಮೊದಲ ವರದಿ ಸರಿಯಾಗಿ ಬಂದಾಗ ನಾವೆಲ್ಲ ಕಾರಿಡಾರಿನಲ್ಲೇ ಕುಣಿದುಬಿಟ್ಟೆವು, ನರ್ಸ್ ಬಂದು ಗದರಿಸುವವರೆಗೂ!

ಕಂಪನಿ ಬೆಳೆದು ಕಲ್ಯಾಣ ನಗರಕ್ಕೆ ಹೋಯಿತು. ಆಗ ಒಂದು ದಿನ ಮೇಡಂ, "ಎಲ್ಲರೂ ನನ್ನ ಮುಖಾನೇ ನೋಡ್ತಾ ಕೂತ್ರೆ ಹೆಂಗಮ್ಮಾ? ಇನ್ಮೇಲೆ ನೀನು ನೋಡ್ಕೋ" ಎಂದು ತಮ್ಮ ಜಾಗ ನನಗೆ ಬಿಟ್ಟುಕೊಟ್ಟರು. ಕಳೆದ ವರ್ಷ ರಿಚರ್ಡ್ಸ್ ಟೌನಿನ ಮನೆಯಲ್ಲಿ, ನಿದ್ದೆಯಲ್ಲೇ ಹೋಗಿಬಿಟ್ಟರು…

ಬರುವ ಸೋಮವಾರ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನಮ್ಮ ಕೆಲಸ ಶುರು. ಅಲ್ಲಿನ ಟೀಮಿನ ಹೊಣೆಯನ್ನು ಚುರುಕಾದ ಒಬ್ಬ ಹುಡುಗಿಗೆ ಕೊಟ್ಟಿದ್ದೇನೆ, ನಾನು ಹೋಗುತ್ತಿಲ್ಲ. ಖುಷಿಯೋ ಖುಷಿ. ಆದರೆ ಕೈ ಮತ್ತೆ ಮತ್ತೆ ಫೋನಿನ ಕಡೆ ಹೋಗುತ್ತದೆ. ಇನ್ನೊಬ್ಬರನ್ನು ನಂಬಿ ಸುಮ್ಮನೆ ಕೂರುವುದು ಇಷ್ಟು ಕಷ್ಟವೆಂದು ಮೇಡಂ ನನಗೆ ಯಾವತ್ತೂ ಹೇಳಿರಲಿಲ್ಲ. ಅವರಿಗೂ ಹೀಗೇ ಎದೆ ಹೊಡೆದುಕೊಳ್ಳುತ್ತಿತ್ತೇನೋ. ಕೇಳೋಣವೆಂದರೆ ಈಗ ಅವರಿಲ್ಲ.