ಸ್ಕ್ರಿಪ್ಟಿನೊಳಗೆ ಬರೆದಿಟ್ಟ ಪಾಸ್‌ವರ್ಡ್

ಬಾಗಲಕೋಟೆಯ ನವನಗರದ ಒಂದು ರಕ್ತ ತಪಾಸಣೆ ಲ್ಯಾಬಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ನಾನು. ರಿಪೋರ್ಟು ಟೈಪ್ ಮಾಡುವಾಕೆ ಹುನಗುಂದದಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ಸಂಜೆ ಬ್ಯಾಕಪ್ ತೆಗೆಯುವ ಕೆಲಸವೂ ಅವಳದೇ. ಅದಕ್ಕೆಂದು ನಾನು ಬರೆದ ಸ್ಕ್ರಿಪ್ಟು, ಅಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಪಟ್ಟಿ, ಅರ್ಧಕ್ಕೆ ನಿಂತು ಪಾಸ್‌ವರ್ಡ್ ಕೇಳುತ್ತಿತ್ತು. ಯಾವಾಗ ಕೇಳುತ್ತದೋ ಎಂದು ಕಾಯುತ್ತ ಕೂತವಳಿಗೆ ಬಸ್ಸು ತಪ್ಪುತ್ತಿತ್ತು. ಮನೆಯಲ್ಲಿ ಹಾಲು ಕುಡಿಯುವ ಕೂಸು.

“ಸರ್, ಅದು ತಾನ ಪಾಸ್‌ವರ್ಡ್ ಹಾಕ್ಕೊಳ್ಳೋ ಹಂಗ ಮಾಡಾಕ ಬರೂದಿಲ್ಲೇನ್ರಿ?” ಎಂದು ಒಂದು ದಿನ ಕೇಳಿದಳು.

“ಎರಡು ನಿಮಿಷದ ಕೆಲಸ ಬಿಡವಾ” ಎಂದೆ.

ನನ್ನ ದೊಡ್ಡಸ್ತಿಕೆ ಅಷ್ಟು. ಅವಳೊಬ್ಬಳೇ ತೆರೆಯಬಹುದಾದ ಬೇರೆ ಫೈಲಿನಲ್ಲಿ ಪಾಸ್‌ವರ್ಡ್ ಇಟ್ಟು, ಸ್ಕ್ರಿಪ್ಟು ಅಲ್ಲಿಂದ ಓದಿಕೊಳ್ಳುವಂತೆ ಮಾಡಬೇಕೆಂದು ನನಗೆ ಗೊತ್ತಿತ್ತು. ಅದಕ್ಕೆ ಹತ್ತು ನಿಮಿಷ ಬೇಕು. ನಾನು ಪಾಸ್‌ವರ್ಡನ್ನು ಆಜ್ಞೆಯ ಸಾಲಿನಲ್ಲೇ ಬರೆದು ಎದ್ದೆ. ಬೀಗ ಹಾಕಿ ಕೀಲಿಕೈಯನ್ನು ಚಿಲಕಕ್ಕೇ ತೂಗುಹಾಕಿದ ಹಾಗೆ. ಬ್ಯಾಕಪ್ ನಡೆಯುವಾಗ ಆ ಕಂಪ್ಯೂಟರಿಗೆ ಲಾಗಿನ್ ಆದವರು ಯಾರೇ ಆಗಲಿ, ಓಡುತ್ತಿರುವ ಕೆಲಸಗಳ ಪಟ್ಟಿ ತೆಗೆದರೆ ಪಾಸ್‌ವರ್ಡ್ ಕಣ್ಣಿಗೆ ಬೀಳುತ್ತಿತ್ತು. ಇಲ್ಲಿ ಅಷ್ಟು ಶಾಣ್ಯಾರು ಯಾರಿದ್ದಾರೆ ಅಂದುಕೊಂಡೆ.

ಇದ್ದರು. ಯಾರೋ ಆ ಪಾಸ್‌ವರ್ಡಿನಿಂದ ಒಳಹೊಕ್ಕು ರೋಗಿಯೊಬ್ಬರ ರಿಪೋರ್ಟು ತಿದ್ದಿದರು. ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ಮಾಲೀಕರು ನಮ್ಮಿಬ್ಬರನ್ನೂ ಕರೆಸಿದರು. ಪಾಸ್‌ವರ್ಡಿಗೆ ತಾನೇ ಜವಾಬ್ದಾರಳೆಂದು ಅವಳು ಮಾಡಿದ ಸಹಿ ರಿಜಿಸ್ಟರಿನಲ್ಲಿತ್ತು.

“ಪಾಸ್‌ವರ್ಡ್ ಯಾರಿಗೆ ಕೊಟ್ಟಿ?”

“ಯಾರಿಗೂ ಇಲ್ರಿ” ಎಂದಳು.

ಮಾಲೀಕರು ನನ್ನತ್ತ ತಿರುಗಿದರು. “ನಾನೂ ಯಾರಿಗೂ ಕೊಟ್ಟಿಲ್ರಿ” ಎಂದೆ. ಖರೆ ಮಾತೇ. ಅಷ್ಟು ಹೇಡಿಯಾದ ಖರೆ ಮಾತನ್ನು ನಾನು ಬೇರೆಂದೂ ಆಡಿಲ್ಲ. ಮರುದಿನದಿಂದ ಅವಳು ಕೆಲಸದಲ್ಲಿರಲಿಲ್ಲ. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಎತ್ತು ಸುಮ್ಮನೆ ನಿಂತು ನೋಡಿತು.

ಆಮೇಲೆ ಸ್ಕ್ರಿಪ್ಟು ಸರಿಮಾಡಿದೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಮಾಲೀಕರ ಕೋಣೆಗೆ ಹೋಗಲಿಲ್ಲ. ಇನ್ನು ಹೋಗುವವನೂ ಅಲ್ಲ.

ಮೊನ್ನೆ ಹೆಂಡತಿಯೊಡನೆ ಇಳಕಲ್ಲಿನ ಅಂಗಡಿಯೊಂದಕ್ಕೆ ಹೋದರೆ, ಸೀರೆ ಬಿಡಿಸಿ ತೋರಿಸುತ್ತಿದ್ದವಳು ಅವಳೇ. ಹೆಂಡತಿ ಸೆರಗನ್ನು ಬೆಳಕಿಗೆ ಹಿಡಿದು ನೋಡಲು ಬಾಗಿಲ ಕಡೆ ಹೋದಾಗ ಮೆಲ್ಲಗೆ ಅಂದಳು:

“ಸ್ಕ್ರಿಪ್ಟಿನ್ಯಾಗ ಪಾಸ್‌ವರ್ಡ್ ನೀವು ಬರದಿಟ್ಟಿದ್ದು ನನಗೂ ಗೊತ್ತಿತ್ರಿ ಸರ್. ನನ್ನ ಸಲುವಾಗಿ ಮಾಡಿದ್ರಿ. ಮಾಲೀಕರ ಮುಂದ ನಿಮ್ಮ ಹೆಸರು ಹೆಂಗ ಹೇಳ್ಲಿ?”

ಹೊರಗೆ ಬಂದ ಮೇಲೆ ಹೆಂಡತಿ ಕೇಳಿದಳು, “ಯಾರ್ರಿ ಆಕಿ? ನಿಮಗ ಗುರ್ತೇನು?”

“ಇಲ್ಲ” ಎಂದೆ.