ಆಮೆ ಕೇರಿಯ ಫೋಸ್ಕೊ ಊರು ನೋಡಿದ್ದು

ಸಿಯೆನಾದಲ್ಲೇ ಹುಟ್ಟಿ, ಅಲ್ಲೇ ತಲೆ ನರೆತ ಫೋಸ್ಕೊ ಬಸವನಹುಳುವಿನ ಕೇರಿಗೆ ಒಮ್ಮೆಯೂ ಕಾಲಿಟ್ಟವನಲ್ಲ. ಅದೇನು ದೂರವೇ? ಅವನ ಮನೆಯ ಹಿಂದಿನ ಬೀದಿ. ಆದರೆ ಪ್ರಾಣಿಗಳ ಹೆಸರು ಹೊತ್ತ ಆ ಊರಿನ ಕೇರಿಗಳಲ್ಲಿ ಅವನದು ಆಮೆ ಕೇರಿ. ಆಮೆಗೂ ಬಸವನಹುಳುವಿಗೂ ಕೇರಿ ಕೇರಿಗಳ ನಡುವಿನ ಕುದುರೆ ಓಟದಲ್ಲಿ ಹುಟ್ಟಿಕೊಂಡ ಹಗೆ. ಕೇಳಿದವರು ನಗಬಹುದು, ಊರಿನವರಾರೂ ನಗುವುದಿಲ್ಲ. ಹಲ್ಲಿನ ವೈದ್ಯರು ಆ ಕೇರಿಯಲ್ಲಿದ್ದಾರೆಂದು ಫೋಸ್ಕೊ ಊದಿದ ದವಡೆ ಹಿಡಿದುಕೊಂಡು, ಬಸ್ಸು ಹತ್ತಿ ಬೇರೆ ಊರಿಗೆ ಹೋಗಿ ಹಲ್ಲು ಕೀಳಿಸಿಕೊಂಡಿದ್ದ.

ಇಂಥ ಮಹಾನುಭಾವ ಕಟ್ಟಿಕೊಂಡದ್ದು ಬಸವನಹುಳು ಕೇರಿಯ ನೆಡ್ಡಾಳನ್ನು. ಅವಳ ಅಣ್ಣ ಆಲ್ವಾರೊ ಮದುವೆಗೆ ಬರಲಿಲ್ಲ. ಪ್ರತಿ ಬೇಸಿಗೆ ಓಟದ ದಿನಗಳಲ್ಲಿ ಅವಳು ಊರ ಪದ್ಧತಿಯಂತೆ ತವರು ಸೇರುತ್ತಿದ್ದಳು. ಕರೆತರಲು ಇವನು ಹೋಗುತ್ತಿರಲಿಲ್ಲ.

ಈ ಸಲ ತನ್ನ ಹುಟ್ಟುಹಬ್ಬದ ಬೆಳಿಗ್ಗೆ ಅವಳು ಕಾಫಿ ಇಳಿಸುತ್ತಾ ಹೇಳಿಬಿಟ್ಟಳು: “ನಾನು ಹುಟ್ಟಿದ ಮನೇನ ನೀವು ಇವತ್ತು ನೋಡ್ಬೇಕು. ಇಲ್ದಿದ್ರೆ ಈ ಬೇಸಿಗೇಲಿ ತವರಿಗೆ ಹೋದವಳು ವಾಪಸ್ ಬರಲ್ಲ.”

“ಜನ ಏನಂತಾರೆ ಕಣೇ?”

“ಪ್ರವಾಸಿಗರು ದಿನಾ ನುಗ್ತಾರಲ್ಲ, ಅವರನ್ನ ಯಾರು ಏನಂತಾರೆ?”

ನೆಡ್ಡಾ ತಮಾಷೆ ಮಾಡುತ್ತಿಲ್ಲವೆಂದು ಫೋಸ್ಕೊನಿಗೆ ಗೊತ್ತಾಯಿತು. ಹುಲ್ಲಿನ ಟೋಪಿ, ಮೊಣಕಾಲಿನ ಚಡ್ಡಿ, ರೀಲಿಲ್ಲದ ಹಳೇ ಕ್ಯಾಮೆರಾ ಏರಿಸಿಕೊಂಡು, ಛತ್ರಿ ಎತ್ತಿ ಹಿಡಿದ ಗೈಡಿನ ಹಿಂದೆ ಹೆಂಡತಿಯೊಂದಿಗೆ ಪ್ರವಾಸಿಗರ ಗುಂಪಿನಲ್ಲಿ ಸೇರಿಕೊಂಡ. ದೊಡ್ಡ ಚರ್ಚಿನ ಕಪ್ಪು ಬಿಳುಪು ಕಂಬಗಳ ನಡುವೆ ಬಾಯಿಬಿಟ್ಟುಕೊಂಡು ನಿಂತ. ಇಷ್ಟು ಚೆಂದದ್ದು ಬಗಲಲ್ಲೇ ಇದ್ದೂ ಕಣ್ಣೆತ್ತಿ ನೋಡಿರಲಿಲ್ಲವಲ್ಲ ಎಂದು ನಿಜಕ್ಕೂ ನಾಚಿಕೆಯಾಯಿತು. ಹೊರಗೆ ಬಂದಾಗ ಗೈಡು, “ಕೇರಿಗಳ ಜಗಳ ಈಗ ಬರೀ ತಮಾಷೆಗೆ” ಎಂದಳು. ಫೋಸ್ಕೊ ಮೈಮೇಲೆ ಬಂದವನಂತೆ ಮುನ್ನುಗ್ಗಿದ. ನೆಡ್ಡಾ ತೊಡೆ ಚಿವುಟಿ ನಿಲ್ಲಿಸಿದಳು.

ಸಂಜೆ ಬಸವನಹುಳು ಕೇರಿಯ ಬೀದಿಯ ಮೂಲೆಯಲ್ಲಿ ಅವನ ಕಾಲು ಏಳಲಿಲ್ಲ. ಹೆಂಡತಿ ಬೆನ್ನಿಗೆ ಕೈಕೊಟ್ಟು ನೂಕಿಕೊಂಡೇ ಹೋದಳು. ಅವಳ ತವರುಮನೆ ಬಾಗಿಲಲ್ಲಿ ಆಲ್ವಾರೊ ಅವರೆ ಸುಲಿಯುತ್ತಿದ್ದ. ತಂಗಿಯನ್ನು ನೋಡಿದ, ಟೋಪಿಯನ್ನು ನೋಡಿದ. ಟೋಪಿಯ ಕೆಳಗಿದ್ದ ಆ ಮೂಗು ಯಾರದೆಂದು ಇಡೀ ಊರಿಗೇ ಗೊತ್ತು.

“ಯಾವೂರಾಯ್ತು ಸ್ವಾಮಿ?”

ಗಾಬರಿಯಲ್ಲಿ ಫೋಸ್ಕೊನ ಬಾಯಿಗೆ ಬಂದದ್ದು, “ಫ್ಲಾರೆನ್ಸ್.”

ಎದುರು ಮನೆಯವರ ತಲೆಗಳು ಕಿಟಕಿಯಿಂದ ಹೊರಬಂದವು. ಫ್ಲಾರೆನ್ಸಿನ ಮೇಲೆ ಸಿಯೆನಾದವರ ಸಿಟ್ಟು ಏಳುನೂರು ವರ್ಷದ್ದು.

“ಫ್ಲಾರೆನ್ಸಾದ್ರೆ ಸದ್ಯ, ಪರವಾಗಿಲ್ಲ,” ಎಂದ ಆಲ್ವಾರೊ. “ನಾನೆಲ್ಲೋ ಆಮೆ ಕೇರಿಯೋರು ಅಂದ್ಕೊಂಡೆ. ಒಳಗ್ ಬನ್ನಿ.”

ಒಳಗೆ ವೈನ್ ಬಂತು, ಅವರೆಯೊಂದಿಗೆ ಚೀಸೂ ಬಂತು. ನೆಡ್ಡಾ ತಾನು ಹುಟ್ಟಿದ ಕೋಣೆಯನ್ನೂ ಕಿಟಕಿಯನ್ನೂ ತೋರಿಸಿದಳು. ಅಲ್ಲಿಂದ ಫೋಸ್ಕೊನ ಮನೆಯ ಹಿತ್ತಲು, ಅವನು ಒಣಗಹಾಕಿದ ಚಡ್ಡಿ ಸಮೇತ, ಕಾಣುತ್ತಿತ್ತು.

“ನನ್ ತಂಗೀನ ಆಮೆ ಕೇರಿಯ ಕತ್ತೆಯೊಂದು ಕಟ್ಕೊಂಡು ಹೋಯ್ತು,” ಎಂದ ಆಲ್ವಾರೊ.

“ಅಯ್ಯೋ ಪಾಪ,” ಎಂದ ಫೋಸ್ಕೊ.

“ಚೆನ್ನಾಗ್ ನೋಡ್ಕೊಂಡಿದ್ದಾನಾ ಅಂತ ಯಾರನ್ನ ಕೇಳ್ಲಿ? ನಾನು ಆ ಕಡೆ ಕಾಲಿಡಲ್ಲ.”

ಫೋಸ್ಕೊ ಲೋಟ ಕೆಳಗಿಟ್ಟ. “ನೋಡ್ಕೊಂಡಿದ್ದಾನೆ. ಆದ್ರೆ ಈ ಮನೆ ನೆನೆಸ್ಕೊಂಡು ರಾತ್ರಿ ಅವಳು ಅಳೋದು ಅವನಿಗೆ ಕೇಳಿಸ್ತಿತ್ತು. ಕೇಳಿಸ್ಕೊಂಡೂ ಮಗ್ಗಲು ಬದಲಾಯಿಸ್ಕೊಂಡು ಮಲಗ್ತಿದ್ದ, ಕತ್ತೆ.”

ನೆಡ್ಡಾ ಕಿಟಕಿಯಿಂದ ತಿರುಗಲಿಲ್ಲ. ಆಲ್ವಾರೊ ಸುಲಿದ ಅವರೆಯನ್ನು ಫೋಸ್ಕೊನ ಮುಂದಕ್ಕೆ ತಳ್ಳಿದ. ಆಮೇಲೆ ಲೋಟ ತುಂಬಿಸಿ ಹೇಳಿದ:

“ಊರಿಗೆ ಹೋಗೋವಾಗ ದಾರೀಲಿ ಸಿಕ್ಕಿದ್ರೆ ಅವನಿಗೆ ಹೇಳಿ. ಬೇಸಿಗೇಲಿ ಅವಳನ್ನ ಕರ್ಕೊಂಡು ಹೋಗೋಕೆ ಅವನೇ ಬರ್ಲಿ. ಆದ್ರೆ ಈ ಟೋಪಿ ಹಾಕ್ಕೊಂಡ್ ಬರ್ಲಿ.”